ಹಳೇ ಅನಿಮೇಷನ್ ಸಿನಿಮಾದ ಹೊಸ ಡಿಸ್ಕ್: ತೊಳೆದಿದ್ದಾರೋ, ಅಳಿಸಿದ್ದಾರೋ?

ಪ್ರಶ್ನೆ: ಚಿಕ್ಕಂದಿನಲ್ಲಿ ವಿಎಚ್‌ಎಸ್ ಟೇಪಿನಲ್ಲಿ, ಆಮೇಲೆ ಡಿವಿಡಿಯಲ್ಲಿ ನೋಡಿದ 'ಸಿಂಡರೆಲ್ಲಾ' ತರದ ಹಳೇ ಅನಿಮೇಷನ್ ಸಿನಿಮಾಗಳನ್ನು ಈಗ ಮಕ್ಕಳಿಗೆ ತೋರಿಸಬೇಕು ಅಂತ ಆಸೆ. ಆದರೆ ಒಂದೇ ಸಿನಿಮಾಕ್ಕೆ ಮೂರು ನಾಲ್ಕು ಆವೃತ್ತಿಗಳಿವೆ. ಒಬ್ಬರು 'ಕನ್ನಡಿ ಹಾಗಿದೆ' ಅಂತಾರೆ, ಇನ್ನೊಬ್ಬರು ಅದೇ ಡಿಸ್ಕನ್ನು 'ಹಾಳುಗೆಡವಿದ್ದಾರೆ' ಅಂತಾರೆ. ತಾಂತ್ರಿಕ ವಿಷಯ ಗೊತ್ತಿಲ್ಲದ ನಾನು ಯಾವುದು ಒಳ್ಳೇದು ಅಂತ ಹೇಗೆ ತೀರ್ಮಾನ ಮಾಡಲಿ? ಹಳೇ ಡಿವಿಡಿ ಎಸೆದುಬಿಡಬಹುದಾ?

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೊದಲನೆಯವರು ಕೊಳೆ ಹೋಗಿದೆಯಾ ಅಂತ ನೋಡುತ್ತಾರೆ. ಎರಡನೆಯವರು ಕೊಳೆಯ ಜೊತೆಗೆ ಇನ್ನೇನು ಹೋಯಿತು ಅಂತ ನೋಡುತ್ತಾರೆ. ಬಟ್ಟೆ ಒಗೆದ ಹಾಗೇ ಇದು. ಕಲೆ ಹೋಗಬೇಕು ನಿಜ, ಆದರೆ ಉಜ್ಜಿ ಉಜ್ಜಿ ಬಣ್ಣವೇ ಬಿಟ್ಟರೆ ಅದನ್ನು ಸ್ವಚ್ಛ ಅನ್ನೋಕಾಗುತ್ತಾ? ನಾನು ಸುಮಾರು ವರ್ಷ ಹಳೇ ರೀಲುಗಳನ್ನು ಸ್ಕ್ಯಾನ್ ಮಾಡಿ ಸರಿಪಡಿಸುವ ಕೆಲಸದಲ್ಲಿದ್ದವನು. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಡಿಸ್ಕಿನ ತಂಟೆಗೆ ಹೋಗುವ ಮುಂಚೆ ನಿಮ್ಮ ಟಿವಿ ಸರಿಮಾಡಿ. ಇದನ್ನು ಹೇಳಿ ಹೇಳಿ ನನಗೇ ಬೇಜಾರಾಗಿದೆ, ಆದರೂ ಹತ್ತರಲ್ಲಿ ನಾಲ್ಕು ಜಗಳ ಇಲ್ಲೇ ಮುಗಿಯುತ್ತೆ. ಈಗಿನ ಟಿವಿಗಳಲ್ಲಿ ಚಲನೆಯನ್ನು ನುಣುಪು ಮಾಡುವ ಒಂದು ಸೆಟ್ಟಿಂಗ್ ಇರುತ್ತೆ, ಎಷ್ಟೋ ಟಿವಿಗಳಲ್ಲಿ ಅದು ಅಂಗಡಿಯಿಂದ ಬರುವಾಗಲೇ ಆನ್ ಆಗಿರುತ್ತೆ. ಸಿನಿಮಾ ಅಂದರೆ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಫೋಟೋ. ಕೈಯಲ್ಲಿ ಬರೆದ ಅನಿಮೇಷನ್‌ನಲ್ಲಿ ಎಷ್ಟೋ ಕಡೆ ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ಹಿಡಿದಿರುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಆ ನಡುವಿನ ಜಾಗ ಬೇಕಂತಲೇ ಬಿಟ್ಟದ್ದು, ಪಾತ್ರದ ನಡಿಗೆಗೆ ಆ ಕುಣಿತ ಬರುವುದೇ ಅದರಿಂದ. ಟಿವಿ ಅಲ್ಲಿ ತನ್ನದೇ ಸುಳ್ಳು ಚಿತ್ರಗಳನ್ನು ತುರುಕುತ್ತೆ, ಪಾತ್ರ ಎಣ್ಣೆ ಮೇಲೆ ಜಾರಿದ ಹಾಗೆ ಓಡಾಡುತ್ತೆ. ಅದನ್ನು ಆಫ್ ಮಾಡಿ. ಶಾರ್ಪ್‌ನೆಸ್ ಪೂರ್ತಿ ಇಳಿಸಿ, ನಾಯ್ಸ್ ರಿಡಕ್ಷನ್ ಆಫ್ ಮಾಡಿ. ಸಿನಿಮಾ ಮೋಡ್ ಅಥವಾ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಹಾಕಿ. ಮೊದಲೆರಡು ದಿನ ಮಂಕು ಅನ್ನಿಸುತ್ತೆ, ಆಮೇಲೆ ಕಣ್ಣು ಒಗ್ಗುತ್ತೆ.

ಈಗ ಡಿಸ್ಕ್. ಇಲ್ಲಿ ನನ್ನ ಕೈಯಲ್ಲಿ ಒಂದೇ ಒಂದು ಪರೀಕ್ಷೆ ಇದೆ, ಮಿಕ್ಕದ್ದೆಲ್ಲ ಅದರ ಹಿಂದೆ ಬರುತ್ತೆ. ಯಾವುದಾದರೂ ಪಾತ್ರ ಅಲ್ಲಾಡದೆ ನಿಂತಿರುವ ಜಾಗ ಹುಡುಕಿ. ಮಾತು ಕೇಳುತ್ತಾ ನಿಂತಿರುತ್ತಲ್ಲ, ಅಂಥದ್ದು. ಬರೀ ಕಣ್ಣುರೆಪ್ಪೆ ಬಡಿಯುತ್ತೆ, ಉಳಿದ ದೇಹ ಒಂದೇ ಚಿತ್ರ. ಸಿನಿಮಾ ನಿಲ್ಲಿಸಬೇಡಿ, ಓಡಲಿ. ಟಿವಿ ಹತ್ತಿರ ಹೋಗಿ ಆ ಪಾತ್ರದ ಕೆನ್ನೆಯನ್ನೋ ಹಿಂದಿನ ಗೋಡೆಯನ್ನೋ ನೋಡಿ. ಚಿತ್ರ ನಿಂತಿದ್ದರೂ ಅದರ ಮೇಲೆ ತೀರಾ ಸಣ್ಣಗೆ ಏನೋ ಕುದಿಯುತ್ತಾ ಇರಬೇಕು, ಸಣ್ಣ ರವೆ ಅಲುಗಾಡಿದ ಹಾಗೆ. ಅದೇ ಫಿಲ್ಮಿನ ಗ್ರೇನ್. ಚಿತ್ರ ಒಂದೇ ಆದರೂ ಪ್ರತಿ ಫ್ರೇಮೂ ಬೇರೆ ಫೋಟೋ, ಬೇರೆ ಫಿಲ್ಮ್ ತುಂಡು, ಹಾಗಾಗಿ ಗ್ರೇನ್ ಪ್ರತಿ ಸಲ ಬೇರೆ. ಅದು ಕುಣಿಯುತ್ತಿದ್ದರೆ ನೀವು ಫಿಲ್ಮ್ ನೋಡುತ್ತಿದ್ದೀರಿ ಅಂತ ಅರ್ಥ. ಪಾತ್ರ ನಿಂತ ತಕ್ಷಣ ಇಡೀ ಪರದೆಯೇ ಕ್ಯಾಲೆಂಡರ್ ಚಿತ್ರದ ಹಾಗೆ ಹೆಪ್ಪುಗಟ್ಟಿದರೆ, ಯಾರೋ ಗ್ರೇನ್ ತೆಗೆಯುವ ಸಾಫ್ಟ್‌ವೇರ್ ಜೋರಾಗಿ ಓಡಿಸಿದ್ದಾರೆ.

ಗ್ರೇನ್ ಹೋದರೆ ಏನಂತೆ, ಚಿತ್ರ ಉಳಿದಿದೆಯಲ್ಲ ಅಂತೀರಾ? ಅಲ್ಲೇ ಇರೋದು ಸಮಸ್ಯೆ. ಸಾಫ್ಟ್‌ವೇರ್‌ಗೆ ಗ್ರೇನ್ ಯಾವುದು, ಕಲಾವಿದನ ಗೆರೆ ಯಾವುದು ಅಂತ ಗೊತ್ತಾಗಲ್ಲ. ಎರಡೂ ಸಣ್ಣವೇ. ಗ್ರೇನ್ ಒರೆಸುವಾಗ ರೆಪ್ಪೆಯ ಕೂದಲು, ಮೂಗಿನ ಪಕ್ಕದ ತೆಳು ಗೆರೆ, ಬಟ್ಟೆಯ ಮಡಿಕೆ ಗುರುತು ಎಲ್ಲ ಸವೆಯುತ್ತೆ. ಗೆರೆ ಒಂದು ಫ್ರೇಮಿನಲ್ಲಿ ಇರುತ್ತೆ, ಮುಂದಿನದರಲ್ಲಿ ಅರ್ಧ ಮಾಯ, ಮತ್ತೆ ಬರುತ್ತೆ. ಕೈಬೆರಳುಗಳ ನಡುವಿನ ಗೆರೆ ನೋಡಿ, ಮೊದಲು ಸಾಯೋದು ಅದೇ. ಬೆರಳುಗಳೆಲ್ಲ ಅಂಟಿಕೊಂಡು ಕೈಗವಸು ಹಾಕಿದ ಹಾಗೆ ಕಂಡರೆ ಡಿಸ್ಕ್ ವಾಪಸ್ ಇಡಿ.

ಇಲ್ಲಿ ಸ್ವಲ್ಪ ಇತಿಹಾಸ ಬೇಕು, ಯಾಕೆಂದರೆ ಎಲ್ಲ ಹಳೇ ಸಿನಿಮಾದ ಗೆರೆ ಒಂದೇ ತರ ಇರಲ್ಲ. 1950ರ 'ಸಿಂಡರೆಲ್ಲಾ', 1959ರ 'ಸ್ಲೀಪಿಂಗ್ ಬ್ಯೂಟಿ' ಕಾಲದಲ್ಲಿ ಪೆನ್ಸಿಲ್ ಚಿತ್ರವನ್ನು ಕೈಯಿಂದಲೇ ಪಾರದರ್ಶಕ ಹಾಳೆಯ ಮೇಲೆ, ಅದಕ್ಕೆ ಸೆಲ್ ಅಂತಾರೆ, ಶಾಯಿಯಲ್ಲಿ ತಿದ್ದುತ್ತಿದ್ದರು. ಗೆರೆ ನಯ, ಎಷ್ಟೋ ಕಡೆ ಗೆರೆಗೂ ಬಣ್ಣದ ಶಾಯಿ. 1961ರ 'ಒನ್ ಹಂಡ್ರೆಡ್ ಅಂಡ್ ಒನ್ ಡಾಲ್ಮೇಷಿಯನ್ಸ್'ನಿಂದ ಡಿಸ್ನಿಯವರು ಪೆನ್ಸಿಲ್ ಚಿತ್ರವನ್ನು ಜೆರಾಕ್ಸ್ ವಿಧಾನದಲ್ಲಿ ನೇರ ಸೆಲ್ ಮೇಲೆ ಇಳಿಸಲು ಶುರು ಮಾಡಿದರು. ಹಾಗಾಗಿ ಅಲ್ಲಿಂದ ಮುಂದಿನ ಸುಮಾರು ಸಿನಿಮಾಗಳಲ್ಲಿ ಗೆರೆ ಒರಟು, ಅಲ್ಲಲ್ಲಿ ಎರಡೆರಡು ಗೆರೆ, ಅಳಿಸದ ಕರಡು ಗುರುತೂ ಕಾಣುತ್ತೆ. ಅದು ಕೊಳೆ ಅಲ್ಲ ಸ್ವಾಮಿ, ಚಿತ್ರ ಬಿಡಿಸಿದವನ ಕೈ. ನನಗಂತೂ ಆ ಕಾಲದ ಸಿನಿಮಾಗಳಲ್ಲಿ ಎಲ್ಲಕ್ಕಿಂತ ಇಷ್ಟ ಅದೇ. 1963ರ 'ದ ಸ್ವೋರ್ಡ್ ಇನ್ ದ ಸ್ಟೋನ್' 2013ರಲ್ಲಿ ಬ್ಲೂ-ರೇಗೆ (ಡಿವಿಡಿಗಿಂತ ಸ್ಪಷ್ಟವಾದ ಡಿಸ್ಕ್) ಬಂದಾಗ ಆ ಒರಟು ಗೆರೆಗಳನ್ನೆಲ್ಲ ಮೇಣ ಸವರಿದ ಹಾಗೆ ನುಣ್ಣಗೆ ಮಾಡಿದ್ದರು, ನೋಡಿದವರು ಸರಿಯಾಗಿಯೇ ಬೈದರು.

ನೀವು ಕೇಳಿದ 'ಸಿಂಡರೆಲ್ಲಾ'ದ ಕತೆಯೂ ಇಂಥದ್ದೇ. 2012ರ ಬ್ಲೂ-ರೇ ನೋಡಲು ಥಳಥಳ, ಆದರೆ ಗೆರೆಗಳು ಅಲ್ಲಲ್ಲಿ ಅಳಿಸಿಹೋಗಿವೆ ಅನ್ನೋ ದೂರು ಅದಕ್ಕೆ ಅಂಟಿಕೊಂಡೇ ಇತ್ತು. 2023ರಲ್ಲಿ ಹೊಸದಾಗಿ 4ಕೆ, ಅಂದರೆ ಬ್ಲೂ-ರೇಗಿಂತಲೂ ಹೆಚ್ಚು ಚುಕ್ಕೆಗಳ ಆವೃತ್ತಿ, ಮಾಡಿದರು. ಅದರಲ್ಲಿ ಗ್ರೇನ್ ವಾಪಸ್ ಬಂದಿದೆ, ಗೆರೆ ವಾಪಸ್ ಬಂದಿದೆ, ನೀಲಿಗೆ ತಿರುಗಿದ್ದ ಆಕೆಯ ನೃತ್ಯದ ಗೌನು ಬೆಳ್ಳಿ ಬಿಳುಪಿಗೆ ಮರಳಿದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಹೊಸದು ಮೊದಲ ನೋಟಕ್ಕೆ 'ಸ್ವಲ್ಪ ಹಳೇದರ ಹಾಗೆ' ಕಾಣುತ್ತೆ. ಹೌದು, ಹಾಗೇ ಕಾಣಬೇಕು. ಮಕ್ಕಳಿಗೆ ಯಾವುದು ಅಂತ ನನ್ನನ್ನು ಕೇಳಿದರೆ ಕಣ್ಣು ಮುಚ್ಚಿಕೊಂಡು 2023ರದ್ದು.

ಧೂಳು ತೆಗೆಯುವ ಕೆಲಸ ಬೇರೆ, ಅದರಲ್ಲೂ ಒಂದು ಗುಂಡಿ ಇದೆ. ಸಾಫ್ಟ್‌ವೇರ್ ಒಂದು ಫ್ರೇಮನ್ನು ಅದರ ಹಿಂದಿನ, ಮುಂದಿನ ಫ್ರೇಮಿನ ಜೊತೆ ಹೋಲಿಸುತ್ತೆ. ಒಂದೇ ಫ್ರೇಮಿನಲ್ಲಿ ಇದ್ದು ಮಾಯವಾದ ಚುಕ್ಕೆ ಧೂಳು ಅಂತ ಅದರ ಲೆಕ್ಕ. ಒಂದು ಸಲ ನಮ್ಮ ಹತ್ತಿರ ಒಂದು ಹಳೇ ಕಿರುಚಿತ್ರ ಬಂದಿತ್ತು. ರಾತ್ರಿ ದೃಶ್ಯ, ಕೊಳದ ಮೇಲೆ ಮಿಂಚುಹುಳಗಳು. ಒಂದೊಂದು ಹುಳವೂ ಒಂದೇ ಫ್ರೇಮ್ ಹೊಳೆದು ಆರುತ್ತೆ. ಕಂಪ್ಯೂಟರಿಗೆ ಕೆಲಸ ಒಪ್ಪಿಸಿ ನಾವು ಊಟಕ್ಕೆ ಹೋದೆವು. ಬಂದು ನೋಡಿದರೆ ಕೊಳ ಇದೆ, ಚಂದ್ರ ಇದ್ದಾನೆ, ಹುಳ ಒಂದೂ ಇಲ್ಲ! ಎಲ್ಲ ಧೂಳು ಅಂತ ಗುಡಿಸಿ ಹಾಕಿತ್ತು. ನಾವು ನೋಡಿದ್ದಕ್ಕೆ ಸರಿಹೋಯಿತು. ನೋಡದೆ ಕಳಿಸಿದ ಡಿಸ್ಕುಗಳೂ ಇರುತ್ತವೆ. ಹಾಗಾಗಿ ಮಳೆ, ಹಿಮ, ನೀರಿನ ತುಂತುರು, ಮಾಂತ್ರಿಕದಂಡದ ಮಿನುಗು ಬರುವ ದೃಶ್ಯ ಹಾಕಿ ನೋಡಿ. ಪಾತ್ರ ಜೋರಾಗಿ ಓಡುವಾಗ ಹಿಂದೆ ಒಣ ಕುಂಚದಲ್ಲಿ ಎಳೆದ ಬಣ್ಣದ ಬಾಲ ಬರುತ್ತಲ್ಲ, ಅದೂ ಹೀಗೇ ಬಲಿಯಾಗುತ್ತೆ. 1968ರ 'ಯೆಲ್ಲೋ ಸಬ್‌ಮರೀನ್' ಅನ್ನು 2012ಕ್ಕೆ 4ಕೆಯಲ್ಲಿ ಸರಿಪಡಿಸಿದವರು ಇದೇ ಭಯಕ್ಕೆ ಸ್ವಯಂಚಾಲಿತ ಸಾಫ್ಟ್‌ವೇರ್ ಮುಟ್ಟಲೇ ಇಲ್ಲ, ಒಂದೊಂದು ಫ್ರೇಮನ್ನೂ ಕೈಯಲ್ಲೇ ಶುಚಿ ಮಾಡಿದರು.

ಅಂದಹಾಗೆ ಎಲ್ಲ ಧೂಳೂ ಫಿಲ್ಮಿನದಲ್ಲ. ಕೆಲವು ಸೆಲ್ ಮೇಲೇ ಕೂತಿದ್ದು, ಚಿತ್ರೀಕರಣದ ದಿನವೇ ಕ್ಯಾಮೆರಾ ಕಣ್ಣಿಗೆ ಬಿದ್ದಿದ್ದು. ಸೆಲ್‌ನ ಮೇಲಿನ ಬಣ್ಣ ಹಿಂದಿನ ಚಿತ್ರದ ಮೇಲೆ ಸಣ್ಣ ನೆರಳು ಬೀಳಿಸುತ್ತೆ, ಅದೂ ಕಾಣುತ್ತೆ. ಇವನ್ನು ತೆಗೆಯಬೇಕೋ ಬಿಡಬೇಕೋ ಅಂತ ನಮ್ಮವರಲ್ಲೇ ಜಗಳ. ನನ್ನ ಮಾತು ಕೇಳಿದರೆ, ಎದ್ದು ಕಾಣುವ ಕೂದಲು ತೆಗೆಯಿರಿ, ನೆರಳು ಮುಟ್ಟಬೇಡಿ. ಆ ನೆರಳು ಇದ್ದರೇ ಪಾತ್ರ ಒಂದು ಹಾಳೆ, ಕಾಡು ಇನ್ನೊಂದು ಹಾಳೆ ಅಂತ ಕಣ್ಣಿಗೆ ಗೊತ್ತಾಗೋದು. ಹಾಗೇ 'ಪಿನೋಕಿಯೋ' (1940), 'ಬ್ಯಾಂಬಿ' (1942) ತರದ ಸಿನಿಮಾಗಳಲ್ಲಿ ಹತ್ತಿರದ ಎಲೆ, ಕೊಂಬೆ ಮಸುಕಾಗಿ ಕಂಡರೆ ಡಿಸ್ಕನ್ನು ಬೈಯಬೇಡಿ. ಮಲ್ಟಿಪ್ಲೇನ್ ಕ್ಯಾಮೆರಾದಲ್ಲಿ ಚಿತ್ರಗಳನ್ನು ಬೇರೆ ಬೇರೆ ಎತ್ತರದ ಗಾಜಿನ ಮೇಲಿಟ್ಟು ತೆಗೆಯುತ್ತಿದ್ದರು, ಆ ಮಸುಕು ಬೇಕಂತಲೇ ಮಾಡಿದ್ದು.

ಬಣ್ಣದ ವಿಷಯಕ್ಕೆ ಬಂದರೆ ಬಹುತೇಕರು ಸೋಲುವುದು ನೆನಪಿನ ಕೈಯಲ್ಲಿ. 'ನಾನು ಚಿಕ್ಕವನಿದ್ದಾಗ ಹಿಂಗಿರಲಿಲ್ಲ' ಅಂತಾರೆ. ನೀವು ಚಿಕ್ಕವರಿದ್ದಾಗ ನೋಡಿದ್ದು ಟೇಪು, ಅದೂ ಸವೆದ ಟೇಪು, ಅದರ ಕೆಂಪು ಸದಾ ಒಸರುತ್ತಿತ್ತು. ಅದು ಸಾಕ್ಷಿ ಅಲ್ಲ. ಹಾಗಂತ ಅಸಲಿ ಪೇಂಟಿಂಗ್ ಕೂಡ ಪೂರ್ತಿ ಸಾಕ್ಷಿ ಅಲ್ಲ, ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಆಗಿನ ಟೆಕ್ನಿಕಲರ್ ಅನಿಮೇಷನ್‌ನಲ್ಲಿ ಒಂದೊಂದು ಚಿತ್ರವನ್ನೂ ಕಪ್ಪು-ಬಿಳುಪು ಫಿಲ್ಮಿನ ಮೇಲೆ ಮೂರು ಸಲ ತೆಗೆಯುತ್ತಿದ್ದರು, ಕೆಂಪು, ಹಸಿರು, ನೀಲಿ ಫಿಲ್ಟರ್ ಒಂದೊಂದು ಸಲ ಅಡ್ಡ ಇಟ್ಟು. ಆಮೇಲೆ ಅದರಿಂದ ಬಣ್ಣದ ಪ್ರಿಂಟ್. ಕಪ್ಪು-ಬಿಳುಪಾದ್ದರಿಂದ ಆ ನೆಗೆಟಿವ್‌ಗೆ ಬಣ್ಣ ಮಾಸುವ ಕಾಯಿಲೆ ಇಲ್ಲ, ಅದು ನಮ್ಮ ಪುಣ್ಯ. ಆದರೆ ಪರದೆ ಮೇಲೆ ಬರುತ್ತಿದ್ದ ಬಣ್ಣ ಮೇಜಿನ ಮೇಲಿನ ಬಣ್ಣವೇ ಆಗಿರಲಿಲ್ಲ, ಕಲಾವಿದರಿಗೂ ಅದು ಗೊತ್ತಿತ್ತು, ಪರದೆ ಮೇಲೆ ಹೇಗೆ ಕಾಣುತ್ತೆ ಅಂತ ಲೆಕ್ಕ ಹಾಕಿಯೇ ಬಣ್ಣ ಆರಿಸುತ್ತಿದ್ದರು. ನೀವು ಮನೆಯಲ್ಲಿ ಇಷ್ಟು ನೋಡಿದರೆ ಸಾಕು: ರಾತ್ರಿ ದೃಶ್ಯ ರಾತ್ರಿಯ ಹಾಗಿದೆಯಾ ಅಥವಾ ನೀಲಿ ಲೈಟ್ ಹಾಕಿದ ಹಗಲಿನ ಹಾಗಿದೆಯಾ? ಬಿಳಿ ಬಟ್ಟೆ ಬಿಳಿಯಾಗಿದ್ದೂ ಅದರ ಮಡಿಕೆ ಕಾಣುತ್ತಾ? ಮುಖಕ್ಕೆ ಕಿತ್ತಳೆ ಬಳಿದ ಹಾಗಿದ್ದರೆ ಯಾರೋ ಬಣ್ಣದ ಗುಂಡಿ ಜಾಸ್ತಿ ತಿರುಗಿಸಿದ್ದಾರೆ.

ಎಚ್‌ಡಿಆರ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಅಂದರೆ ಬೆಳಕನ್ನು ಹೆಚ್ಚು ಹೊಳಪಾಗಿ, ಕತ್ತಲನ್ನು ಹೆಚ್ಚು ಗಾಢವಾಗಿ ತೋರಿಸುವ ಹೊಸ ವಿಧಾನದ ಬಗ್ಗೆ. ಪೇಂಟ್ ಮಾಡಿದ ಹಾಳೆಯಲ್ಲಿ ಕಣ್ಣು ಕುಕ್ಕುವ ಬೆಳಕು ಇರಲೇ ಇಲ್ಲ. ಬೆಂಕಿ, ಮಂತ್ರದ ಕಿಡಿ, ಅಷ್ಟಕ್ಕೆ ಸ್ವಲ್ಪ ಹೊಳಪು ಬಂದರೆ ಚೆಂದ. ಮೋಡವೇ ಟಾರ್ಚ್ ಬಿಟ್ಟ ಹಾಗೆ ಹೊಳೆದರೆ ತಪ್ಪು.

ಮುಂದಿನದು ಚೌಕಟ್ಟು, ಇದು ಸುಲಭ. 1950ರ ದಶಕದ ಮೊದಲ ಭಾಗದವರೆಗಿನ ಸಿನಿಮಾಗಳು ಹೆಚ್ಚುಕಡಿಮೆ ಚೌಕ, 1.37:1. ಈಗಿನ ಅಗಲ ಟಿವಿಯಲ್ಲಿ ಎಡಬಲಕ್ಕೆ ಕಪ್ಪು ಪಟ್ಟಿ ಇರಲೇಬೇಕು. ಪಟ್ಟಿ ಇಲ್ಲದೆ ಪರದೆ ತುಂಬಿದ್ದರೆ ಒಂದೋ ಎಳೆದು ಅಗಲ ಮಾಡಿದ್ದಾರೆ, ಪಾತ್ರಗಳೆಲ್ಲ ದಪ್ಪಗಾಗಿರುತ್ತವೆ. ಇಲ್ಲವೇ ಮೇಲೆ ಕೆಳಗೆ ಕತ್ತರಿಸಿದ್ದಾರೆ, ಅಂದರೆ ಹತ್ತಿರ ಹತ್ತಿರ ಕಾಲು ಭಾಗ ಚಿತ್ರ ಹೋಯಿತು, ಕುಣಿಯುವ ಪಾತ್ರದ ಪಾದವೇ ಇರಲ್ಲ. ಇದರ ಉಲ್ಟಾ 'ಸ್ಲೀಪಿಂಗ್ ಬ್ಯೂಟಿ'. ಅದು ದೊಡ್ಡ ಫ್ರೇಮಿನಲ್ಲಿ ತೆಗೆದ ಅಗಲ ಚಿತ್ರ. ಹಳೇ ಟಿವಿಗೆ ಅಂತ ಎಡಬಲ ಕತ್ತರಿಸಿದ ಪ್ರತಿಗಳಲ್ಲಿ ಹಿನ್ನೆಲೆ ಚಿತ್ರ ಬಿಡಿಸಿದ ಐವಿಂಡ್ ಅರ್ಲ್ ಅವರ ಆ ಮರಗಳ ಸಾಲು, ಕೋಟೆ ಗೋಡೆ ಅರ್ಧಕ್ಕರ್ಧ ಹೋಗಿರುತ್ತೆ. 2008ರ ಬ್ಲೂ-ರೇಯಲ್ಲಿ 2.55:1 ಅಗಲದಲ್ಲಿ ಪೂರ್ತಿ ಬಂತು. ಅಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಕಂಡರೆ ಖುಷಿಪಡಿ. ನಡುಗಾಲದ ಸಿನಿಮಾಗಳು, 60-70ರ ದಶಕದವು, ಸ್ವಲ್ಪ ಗೊಂದಲ. 'ದ ಜಂಗಲ್ ಬುಕ್' (1967) ತರದವನ್ನು ಚೌಕಕ್ಕೆ ಬರೆದು ಥಿಯೇಟರಿನಲ್ಲಿ ಮೇಲೆ ಕೆಳಗೆ ಮುಚ್ಚಿ ಅಗಲವಾಗಿ ತೋರಿಸಿದ್ದರು, ಹಾಗಾಗಿ ಎರಡೂ ಆಕಾರದ ಡಿಸ್ಕ್ ಸಿಗುತ್ತೆ. ಎರಡಕ್ಕೂ ವಾದ ಇದೆ, ನಾನು ಇದಕ್ಕಾಗಿ ನಿದ್ದೆಗೆಡುವುದಿಲ್ಲ.

ಶಬ್ದದಲ್ಲಿ ಒಂದು ಪ್ರಶ್ನೆ ಕೇಳಿ: ಹಳೇ ಮೋನೋ ಟ್ರ್ಯಾಕ್, ಅಂದರೆ ಎಲ್ಲ ಶಬ್ದವೂ ಒಂದೇ ಚಾನೆಲ್‌ನಲ್ಲಿ ಬರುವ ಮೂಲ ಧ್ವನಿ, ಇದೆಯಾ? 'ಸಿಂಡರೆಲ್ಲಾ' ಕಾಲದ ಸಿನಿಮಾಗೆ 5.1, 7.1 ಅಂತ ಸುತ್ತ ಸ್ಪೀಕರ್‌ಗೆ ಹಂಚಿದ್ದು ಈಚಿನ ಕೆಲಸ. ಹಾಡಿಗೆ ಅದು ಚೆನ್ನಾಗಿರಬಹುದು. ಆದರೆ ಮಾತಿನ ಸುತ್ತ ಸುಮ್ನೆ ಗುಹೆಯೊಳಗಿನ ಪ್ರತಿಧ್ವನಿ ಸೇರಿಸಿದ್ದರೆ, ಹೆಡ್‌ಫೋನ್ ಹಾಕಿದರೆ ತಕ್ಷಣ ಗೊತ್ತಾಗುತ್ತೆ. ಇನ್ನೊಂದು, ಪಾಲ್ ಪದ್ಧತಿಯ (ಭಾರತ, ಯುರೋಪಿನ ಹಳೇ ಟಿವಿ ಪದ್ಧತಿ) ಡಿವಿಡಿಗಳು ಸೆಕೆಂಡಿಗೆ 25 ಫ್ರೇಮ್ ಓಡುತ್ತವೆ. 24ರ ಸಿನಿಮಾವನ್ನು 25ಕ್ಕೆ ಓಡಿಸಿದರೆ ಶೇ. 4ರಷ್ಟು ಬೇಗ ಮುಗಿಯುತ್ತೆ, ಸ್ವರವೂ ಸ್ವಲ್ಪ ಏರುತ್ತೆ. 100 ನಿಮಿಷದ್ದು 96 ನಿಮಿಷ ಅಂತ ಬರೆದಿದ್ದರೆ ಕತ್ತರಿ ಹಾಕಿದ್ದಾರೆ ಅಂತ ಗಾಬರಿಯಾಗಬೇಡಿ. ಸಂಗೀತ ಕಲಿತವರು ಮನೆಯಲ್ಲಿದ್ದರೆ ಮಾತ್ರ ಶ್ರುತಿ ಏರಿದೆ ಅಂತ ತಕರಾರು ತೆಗೆಯುತ್ತಾರೆ. ಬ್ಲೂ-ರೇಯಲ್ಲಿ 24 ಇದ್ದದ್ದು 24 ಆಗೇ ಓಡುತ್ತೆ.

ಆದರೆ ನಿಜವಾಗಿಯೂ ಕತ್ತರಿ ಹಾಕಿದ್ದು, ತಿದ್ದಿದ್ದು ಇದೆ. 'ಫ್ಯಾಂಟೇಸಿಯಾ' (1940)ದಲ್ಲಿ ಕಪ್ಪು ಜನರನ್ನು ಹೀನವಾಗಿ ಬಿಡಿಸಿದ್ದ ಒಂದು ಪಾತ್ರವನ್ನು 1960ರ ದಶಕದಲ್ಲೇ ತೆಗೆದರು, ಡಿಸ್ಕಿನಲ್ಲೂ ಅದು ಇಲ್ಲ. ಅದೇ ಸಿನಿಮಾದ 2000ದ ಡಿವಿಡಿಯಲ್ಲಿ ನಿರೂಪಕ ಡೀಮ್ಸ್ ಟೇಲರ್ ಅವರ ಮಾತನ್ನು ಬೇರೊಬ್ಬರಿಂದ ಹೊಸದಾಗಿ ಹೇಳಿಸಿದರು, ಹಳೇ ಧ್ವನಿಮುದ್ರಣ ಹಾಳಾಗಿತ್ತು ಅಂತ. 'ಅಲ್ಲಾದೀನ್' (1992) ಮರುವರ್ಷ ಟೇಪಿಗೆ ಬರುವಾಗ ಮೊದಲ ಹಾಡಿನ ಸಾಲು ಬದಲಾಯಿತು. 'ದ ಲಯನ್ ಕಿಂಗ್' 2002ರಲ್ಲಿ ದೈತ್ಯ ಪರದೆಯ ಐಮ್ಯಾಕ್ಸ್‌ಗೆ ಹೋಗುವಾಗ ಮೊಸಳೆಗಳನ್ನು ಹೊಸದಾಗಿ ಬರೆದರು, ಅದು 2003ರ ಡಿವಿಡಿಗೂ ಬಂತು. ಮಕ್ಕಳಿಗೆ ಇದ್ಯಾವುದೂ ತಟ್ಟಲ್ಲ. ಆದರೆ 'ಮೂಲ ಆವೃತ್ತಿ' ಅಂತ ಪೆಟ್ಟಿಗೆ ಮೇಲೆ ಬರೆದಿದ್ದನ್ನು ನಂಬಿ ತಗೊಂಡವರಿಗೆ ತಟ್ಟುತ್ತೆ.

'ಹೊಸದಾಗಿ ಸರಿಪಡಿಸಿದ್ದು' ಅನ್ನೋ ಮಾತನ್ನೂ ಅಷ್ಟೇ ಅನುಮಾನದಿಂದ ಓದಿ. 1993ರಲ್ಲಿ 'ಸ್ನೋ ವೈಟ್ ಅಂಡ್ ದ ಸೆವೆನ್ ಡ್ವಾರ್ಫ್ಸ್' (1937) ಪೂರ್ತಿ, ಅಂದರೆ ಹತ್ತಿರ ಹತ್ತಿರ 1.2 ಲಕ್ಷ ಫ್ರೇಮ್, ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಶುಚಿ ಮಾಡಿ ಮತ್ತೆ ಫಿಲ್ಮಿಗೆ ಇಳಿಸಿದರು. ಇಡೀ ಸಿನಿಮಾವನ್ನು ಹಾಗೆ ಮಾಡಿದ್ದು ಅದೇ ಮೊದಲು. ಅದು ಆ ಕಾಲಕ್ಕೆ ಸಾಹಸ. ಆದರೆ ಹತ್ತು ವರ್ಷದ ಹಿಂದಿನ ಸ್ಕ್ಯಾನನ್ನೇ ತೆಗೆದು, ಗೆರೆ ಚೂಪು ಮಾಡಿ, ಹೊಸ ಪೆಟ್ಟಿಗೆಯಲ್ಲಿಟ್ಟರೂ ಅದೇ ಹೆಸರು ಹಾಕುತ್ತಾರೆ. ಪತ್ತೆ ಮಾಡುವುದು ಹೀಗೆ: ತಿಳಿ ಆಕಾಶದ ಎದುರು ಪಾತ್ರ ನಿಂತಿರುವಾಗ ಕಪ್ಪು ಗೆರೆಯ ಹೊರಗೆ ಒಂದು ತೆಳು ಬಿಳಿ ಅಂಚು ಕಾಣುತ್ತಾ ನೋಡಿ. ಕಂಡರೆ ಅದು ಕೃತಕವಾಗಿ ಚೂಪು ಮಾಡಿದ್ದರ ಗುರುತು. ಆಕಾಶದ ನೀಲಿ ನಯವಾಗಿ ಇಳಿಯುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಫೈಲ್ ಹಿಂಡಿ ಹಿಪ್ಪೆ ಮಾಡಿದ್ದಾರೆ. ಓಡುವಾಗ ಗೆರೆ ಬಾಚಣಿಗೆ ಹಲ್ಲಿನ ಹಾಗೆ ಸೀಳಿದರೆ ಹಳೇ ವಿಡಿಯೋ ಟೇಪಿನಿಂದ ಎತ್ತಿದ್ದು, ಅದನ್ನಂತೂ ಮುಟ್ಟಬೇಡಿ. ಹಕ್ಕು ಮುಗಿದು ಯಾರು ಬೇಕಾದರೂ ಹಾಕಬಹುದಾದ ಸಿನಿಮಾಗಳಲ್ಲಿ, ಅಮೆರಿಕದಲ್ಲಿ ಹಾಗಾಗಿರುವ 1939ರ 'ಗಲಿವರ್ಸ್ ಟ್ರಾವೆಲ್ಸ್' ತರದವುಗಳಲ್ಲಿ, ಈ ಎಲ್ಲ ರೋಗವೂ ಒಟ್ಟಿಗೆ ಸಿಗಬಹುದು.

4ಕೆಯೇ ಬೇಕಾ? ಡಿವಿಡಿಯಿಂದ ಬ್ಲೂ-ರೇಗೆ ಹೋದರೆ ಚುಕ್ಕೆಗಳ ಲೆಕ್ಕ ಸುಮಾರು ಆರು ಪಟ್ಟು ಏರುತ್ತೆ, ಆ ವ್ಯತ್ಯಾಸ ಯಾರಿಗಾದರೂ ಕಾಣುತ್ತೆ. ಬ್ಲೂ-ರೇಯಿಂದ 4ಕೆಗೆ ಹೋದಾಗ ಸಾಮಾನ್ಯ ಟಿವಿಯಲ್ಲಿ ಅಷ್ಟು ದೊಡ್ಡ ಜಿಗಿತ ಇಲ್ಲ, ಹೊಸ ಸ್ಕ್ಯಾನ್ ಆಗಿದ್ದರೆ ಮಾತ್ರ ದುಡ್ಡಿಗೆ ಸಾರ್ಥಕ. ಹಳೇ ಸ್ಕ್ಯಾನಿನ 4ಕೆಗಿಂತ ಹೊಸ ಸ್ಕ್ಯಾನಿನ ಬ್ಲೂ-ರೇ ಎಷ್ಟೋ ವಾಸಿ. ಇಂಟರ್‌ನೆಟ್‌ನಲ್ಲಿ ನೋಡುವುದಾದರೆ ಒಂದು ಮಾತು ನೆನಪಿರಲಿ, ಫೈಲ್ ಹಿಂಡುವಾಗ ಮೊದಲು ಸಾಯೋದು ಗ್ರೇನ್. ಡಿಸ್ಕಿನಲ್ಲಿ ರವೆಯ ಹಾಗೆ ಕುಣಿಯುತ್ತಿದ್ದದ್ದು ಅಲ್ಲಿ ಮೆತ್ತಗೆ ಕದಡಿದ ಹಾಗೆ ಕಾಣುತ್ತೆ. ಜೊತೆಗೆ ಅಲ್ಲಿ ಫೈಲನ್ನು ಯಾವತ್ತು ಬದಲಾಯಿಸಿದರು ಅಂತ ಯಾರೂ ನಿಮಗೆ ಹೇಳುವುದಿಲ್ಲ.

ಹಾಗಾಗಿ ಹಳೇ ಡಿವಿಡಿ ಎಸೆಯಬೇಡಿ. ಚಿತ್ರ ಕಳಪೆಯೇ ಇರಬಹುದು, ಆದರೆ ಅದರ ಎರಡನೇ ಡಿಸ್ಕ್ ತೆಗೆದು ನೋಡಿ. ಪೆನ್ಸಿಲ್ ಪರೀಕ್ಷೆಗಳು (ಬಣ್ಣ ತುಂಬುವ ಮುಂಚೆ ಬರೀ ಪೆನ್ಸಿಲ್ ಚಿತ್ರಗಳನ್ನು ಓಡಿಸಿ ನೋಡಿದ್ದು), ಕೈಬಿಟ್ಟ ಹಾಡುಗಳು, ಆಗಿನ್ನೂ ಬದುಕಿದ್ದ ಹಳೇ ಕಲಾವಿದರ ಮಾತು, ಇವೆಲ್ಲ ಹೊಸ ಆವೃತ್ತಿಗೆ ಬರುವಾಗ ಎಷ್ಟೋ ಸಲ ಬಿಟ್ಟುಹೋಗಿರುತ್ತೆ. ಹಳೇ ಮೋನೋ ಟ್ರ್ಯಾಕ್ ಉಳಿದಿರುವುದೂ ಕೆಲವೊಮ್ಮೆ ಅದರಲ್ಲೇ. ಹೊಸದು ತಂದ ದಿನ ಎರಡರಲ್ಲೂ ಒಂದೇ ದೃಶ್ಯ ಹಾಕಿ, ಮಕ್ಕಳನ್ನು ಟಿವಿ ಹತ್ತಿರ ಕರೆದು ಬೆರಳು ಎಣಿಸಲು ಹೇಳಿ. ಯಾವುದರಲ್ಲಿ ಬೇಗ ಎಣಿಸಿದರು ಅಂತ ನನಗೂ ಬರೆದು ತಿಳಿಸಿ.